ಪುಟ್ಟಬಸಪ್ಪನ ಹೊಲದಲ್ಲಿ ನಾನು ವಿದೇಶಿಯಾದದ್ದು

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಶಾಮಿಯಾನ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಚಪ್ಪರ ಕಟ್ಟುವವನು ಮಾತ್ರ ನಾನೊಬ್ಬನೇ. ಮೃತ್ಯುಂಜಯನ ಚಪ್ಪರದಡಿ ತಾಳಿ ಕಟ್ಟಿಸಿಕೊಂಡ ಯಾವ ಹೆಣ್ಣೂ ಇವತ್ತಿನವರೆಗೆ ಅತ್ತುಕೊಂಡು ತವರಿಗೆ ಬಂದಿಲ್ಲ. ನಾನು ನೆಟ್ಟ ಬಾಳೆಕಂದು ಧಾರೆ ಮುಗಿಯುವುದರೊಳಗೆ ಇನ್ನೊಂದು ಗೊನೆ ಹಾಕಿದ್ದನ್ನು ಹರದನಹಳ್ಳಿಯವರು ಕಣ್ಣಾರೆ ಕಂಡಿದ್ದಾರೆ. ನಂಬದವರು ಅಲ್ಲಿಗೆ ಹೋಗಿ ವಿಚಾರಿಸಬಹುದು. ವಿಚಾರಿಸುವಾಗ ನನ್ನ ಹೆಸರು ಹೇಳದಿದ್ದರೆ ಒಳ್ಳೆಯದು.

ಇಂಥ ನಾನು ಹೋದ ಆಷಾಢದಲ್ಲಿ ವಿದೇಶಿಯಾಗಿಬಿಟ್ಟೆ. ಅದಕ್ಕಾಗಿ ವಿಮಾನ ಹತ್ತಲಿಲ್ಲ, ಸಮುದ್ರ ದಾಟಲಿಲ್ಲ. ಗುಂಡ್ಲುಪೇಟೆಯ ಈರುಳ್ಳಿ ಲಾರಿಗಳ ಸಾಲು ದಾಟಿ, ಮದ್ದೂರು ಕಾಡಿನ ಅಂಚಿನಲ್ಲಿರುವ ಪುಟ್ಟಬಸಪ್ಪನ ಸೂರ್ಯಕಾಂತಿ ಹೊಲಕ್ಕೆ ಕಾಲಿಟ್ಟೆ, ಅಷ್ಟೇ.

ಹೂವು ಅರಳಿತೆಂದರೆ ಕೇರಳದವರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಆ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥದೊಂದು ವಿಡಿಯೋ ಹೇಗೋ ಜಪಾನ್ ಮುಟ್ಟಿತಂತೆ. ಅಲ್ಲಿ ಕೊಹರು ಎಂಬ ಹುಡುಗಿ ಇದ್ದಾಳೆ. ಹಾಡುತ್ತಾಳೆ, ಕುಣಿಯುತ್ತಾಳೆ. ಅಂಥವರನ್ನು ಅವರು ಐಡಲ್ ಅನ್ನುತ್ತಾರೆ. ಅಭಿಮಾನಿಗಳು ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಹತ್ತು ಸೆಕೆಂಡ್ ಮಾತಾಡಿ ಮುಂದೆ ಹೋಗಬೇಕು. ಕೊಹರು ಆ ವರ್ಷಕ್ಕೆ ವೇದಿಕೆ ಬಿಡುವವಳಿದ್ದಳು. ಬಿಡುವ ಮೊದಲು ಒಂದು ಬಸ್ಸು ತುಂಬ ಅಭಿಮಾನಿಗಳನ್ನು ನಮ್ಮ ಸೀಮೆಯ ಸೂರ್ಯಕಾಂತಿ ನಡುವೆ ಕರೆತಂದು ಕೈ ಕೊಡುವುದೆಂದು ಏರ್ಪಾಡಾಯಿತು. ಆಷಾಢದಲ್ಲಿ ಮದುವೆ ಇಲ್ಲದೆ ಗೋದಾಮಿನಲ್ಲಿ ಇಲಿ ಓಡಿಸುತ್ತಿದ್ದ ನನಗೆ ಚಪ್ಪರದ ಕೆಲಸ ಬಂತು. ಜಪಾನಿನವರೇ ಹುಡುಕಿಕೊಂಡು ಬಂದರು ಎಂದು ಊರಲ್ಲೆಲ್ಲ ಹೇಳಿದೆ. ನಿಜಕ್ಕೂ ಹುಡುಕಿದವಳು ನನ್ನ ಅಕ್ಕನ ಮಗಳು ರೂಪಶ್ರೀ.

ಅವಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಎರಡು ವರ್ಷದ ಹಿಂದೆ ಮೈಸೂರಿನ ಹಾಸ್ಟೆಲಿನಿಂದ ಬಂದವಳು ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಏನಾಯಿತೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬಾಗಿಲ ಬಳಿ ಇಟ್ಟ ತಟ್ಟೆ ಅರ್ಧ ಹಾಗೇ ಉಳಿಯುತ್ತಿತ್ತು. ಒಳಗಿನಿಂದ ಬರುತ್ತಿದ್ದದ್ದು ಒಂದೇ ಸದ್ದು, ಅರ್ಥವಾಗದ ಭಾಷೆಯ ಒಂದು ಹಾಡು. ಅಕ್ಕ ಸುಧಾಮಣಿ ಆ ಮಳೆಗಾಲವೆಲ್ಲ ಬಾಗಿಲಿಗೆ ಕಿವಿಕೊಟ್ಟು ಕುಳಿತಳು. "ಹಾಡು ಕೇಳ್ತಾ ಇದ್ರೆ ಅವ್ಳು ಬದ್ಕವ್ಳೆ ಅಂತ ಲೆಕ್ಕ ಕಣ್ಲಾ. ನಿಂತ್ರೆ ನನ್ನೆದೆನೂ ನಿಂತೋಯ್ತದೆ" ಎಂದಿದ್ದಳು. ಒಂದು ದಿನ ಚಿಲಕ ತಾನಾಗಿ ತೆರೆಯಿತು. ಹೊರಬಂದ ಹುಡುಗಿ ಫೋನಿನಲ್ಲಿ ಜಪಾನಿ ಕಲಿಯತೊಡಗಿದಳು. ಆ ಹಾಡು ಕೊಹರುವಿನದು.

ಅದನ್ನು ಕೊಹರುವಿಗೆ ಒಂದು ಸಲ ಹೇಳಬೇಕು, ಅಷ್ಟೇ ರೂಪಶ್ರೀಯ ಆಸೆ. ನೀನು ಹಾಡುತ್ತಿದ್ದೆ, ನಾನು ಉಳಿದೆ ಎಂಬಂಥ ಏನೋ ಮಾತು. ಹತ್ತು ಸೆಕೆಂಡಿಗೆ ಕೂರುವಂತೆ ಅದನ್ನು ಕತ್ತರಿಸಿ, ಹೊಲಿದು, ಮತ್ತೆ ಕತ್ತರಿಸಿ, ಕನ್ನಡಿ ಮುಂದೆ ಹೇಳುತ್ತಿದ್ದಳು. ಗಡಿಯಾರ ಹಿಡಿದು ಎದುರು ನಿಲ್ಲುತ್ತಿದ್ದವನು ನಾನು. ಹಾಗಾಗಿ ಅರ್ಧ ಜಪಾನಿ ನನಗೂ ಬಂದಿತ್ತು. ಇನ್ನರ್ಧ ಜಪಾನಿನವರಿಗೆ ಬರುತ್ತಿತ್ತು.

ಒಳಗೆ ಬಿಡುವುದು ಅವರ ಅಭಿಮಾನಿ ಸಂಘದ ಸದಸ್ಯರನ್ನು ಮಾತ್ರ. ಅದರ ಮೇಲೆ ಎರಡು ಜಾಗ 'ವಿದೇಶಿ ಅತಿಥಿ'ಗಳಿಗೆ. ಜಪಾನಿನ ಲೆಕ್ಕದಲ್ಲಿ ಜಪಾನಿನವರಲ್ಲದವರೆಲ್ಲ ವಿದೇಶಿಯರು. ಪಾಸ್‌ಪೋರ್ಟ್ ತೋರಿಸಬೇಕು. ಬರೀ ಜಂಬಕ್ಕೆಂದು ನಾನು ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಕಂಡ ಮೊದಲ ಪರದೇಶ ಪುಟ್ಟಬಸಪ್ಪನ ಹೊಲ. ಹೊಲದ ಯಜಮಾನ ಪುಟ್ಟಬಸಪ್ಪನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಅವನು ಹಗ್ಗದಾಚೆ ನಿಂತ.

"ನಮ್ಮಪ್ಪ ಉತ್ತ ವಲಕ್ಕೆ ನಾನೋಗಂಗಿಲ್ಲ, ಚಾಮ್ರಾಜ್‌ನಗರದ ಈ ಬಾಯಿಬಡುಕ ಓಗ್ಬೌದಂತೆ" ಎಂದು ಅವನು ಬೀಡಿ ಕಚ್ಚಿದ.

"ವಿದೇಶಿಯರ್ನ ಹಂಗೆಲ್ಲ ಅನ್ಬಾರ್ದಣ್ಣ" ಎಂದೆ.

ಹಿಂದಿನ ದಿನವೇ ಚಪ್ಪರ ಎದ್ದಿತ್ತು. ಹಿಂಬದಿಗೆ ಬರೀ ಬಿಳಿ ಬಟ್ಟೆ ಕಟ್ಟಿದರೆ ಸಾಕೆಂದು ದುಭಾಷಿ ವನಿತಾ ಮೈಸೂರಿನಿಂದ ಫೋನಿನಲ್ಲಿ ಹೇಳಿದ್ದಳು. ಬರೀ ಬಿಳಿ ಬಟ್ಟೆಯಾದರೆ ಅದು ಸಾವಿನ ಮನೆ. ಅಷ್ಟು ದೂರದಿಂದ ಬಂದ ಹೆಣ್ಣುಮಗಳನ್ನು ಸಾವಿನ ಮನೆಯಲ್ಲಿ ನಿಲ್ಲಿಸಲು ನಾನೇನು ಹಾಳೂರಿನವನೇ? ಗೊನೆ ಸಮೇತ ಬಾಳೆಕಂದು ನೆಟ್ಟೆ. ಕಂಬ ಕಂಬಕ್ಕೂ ಕಬ್ಬಿನ ಜಲ್ಲೆ ಬಿಗಿದೆ. ಅಕ್ಕನ ಹಿತ್ತಲ ಹಲಸಿನ ಹಣ್ಣುಗಳನ್ನು ಹಿಂಬದಿಯ ಗಳಕ್ಕೆ ಸಾಲಾಗಿ ತೂಗುಹಾಕಿದೆ. ಬಿಸಿಲು ಬಿದ್ದರೆ ಸಾಕು, ಪರಿಮಳ ಕಲ್ಲೀಕೋಟೆಯವರೆಗೆ ಹೋಗುತ್ತಿತ್ತು.

ಪುಟ್ಟಬಸಪ್ಪ ಸುತ್ತ ಬಂದು ನೋಡಿದ. "ಬಾಳೆಗೊನೆ, ಕಬ್ಬು, ಅಲಸ್ನಣ್ಣು... ಎಡೆ ಜೋರಾಗದೆ. ಯಾರ್ಗೆ ಮೃತ್ಯುಂಜಯಪ್ಪ? ಜಪಾನ್ ನೆಂಟ್ರಿಗೋ, ಇನ್ಯಾರ್ಗೋ?" ಎಂದು ಕಾಡಿನ ಕಡೆ ಗದ್ದ ಎತ್ತಿದ.

"ಬಂದ್ರೆ ನನ್ ಹೆಸ್ರು ಹೇಳು. ಏಳು ಆನೆ ಓಡ್ಸಿರೋ ಕೈ ಇದು."

"ಯಾವೂರಲ್ಲಿ?"

"ಎಲ್ಲಾ ಊರಲ್ಲೂ."

ಬೆಳಿಗ್ಗೆ ಬಸ್ಸು ಬಂತು. ಇಳಿದವರು ಮಾತಿಲ್ಲದೆ ಸಾಲಾದರು. ಕೈಯಲ್ಲೊಂದೊಂದು ಬಣ್ಣದ ದೀಪದ ಕೋಲು. ಎಲ್ಲ ಮುಗಿದ ಮೇಲೆ ಅದನ್ನೆತ್ತಿ ಅವಳ ಹೆಸರನ್ನು ಒಟ್ಟಿಗೆ ಕೂಗುವುದು ಅವರ ಪದ್ಧತಿ. ಒಂದು ಸಲ ಕೂಗಿ ಅಭ್ಯಾಸವನ್ನೂ ಮಾಡಿದರು. ಹೊಲದ ಗಿಳಿಗಳೆಲ್ಲ ಎದ್ದು ಕೇರಳಕ್ಕೆ ಹೋಗಿ ಊಟ ಮಾಡಿಕೊಂಡು ಬಂದವು. ಸಾಲಿನ ಉಸ್ತುವಾರಿ ಕುರೊಡ ಎಂಬ ಗಂಭೀರ ಮನುಷ್ಯನದು. ಒಂದು ಕೈಯಲ್ಲಿ ಸ್ಟಾಪ್‌ವಾಚ್. ಸಮಯ ಮುಗಿದರೂ ಕೈ ಬಿಡದವರ ಭುಜ ಹಿಡಿದು ಬಿಡಿಸುವುದು ಅವನ ಕೆಲಸ.

ಕಾಡಿನ ಕಡೆ ಆನೆಗೆಂದು ಹಾಕಿದ ಸೋಲಾರ್ ಬೇಲಿ ನೋಡಿ ಅವನು ವನಿತಾಳಿಗೆ ಏನೋ ಹೇಳಿದ. "ತಂತೀಲಿ ಕರೆಂಟ್ ಇದ್ಯಾ ಸಾರ್? ಕೊಹರು ಪಕ್ಕದಲ್ಲಿ ಬೇಡವಂತೆ, ಆಫ್ ಮಾಡಿಸ್ತೀರಾ?" ಎಂದು ಅವಳು ಕೇಳಿದಳು.

ಪುಟ್ಟಬಸಪ್ಪ ತಲೆ ಕೆರೆದ. "ಹಗ್ಲೊತ್ತು... ಒಂದ್ ಗಳಿಗೆ ತಾನೆ..."

"ಆಫ್ ಮಾಡಣ್ಣ, ನಾನಿಲ್ವಾ?" ಎಂದೆ. ಅವನು ಆಫ್ ಮಾಡಿದ.

ಜಪಾನಿನವರ ಸಾಲು ಚಪ್ಪರದ ಎದುರಿಗೆ. ಹಿಂದಿನ ಬಿಳಿ ಬಟ್ಟೆ ಬಿಟ್ಟರೆ ಆಚೆಯದೇನೂ ಅವರಿಗೆ ಕಾಣದು. ವಿದೇಶಿಯರ ಹಗ್ಗ ಪಕ್ಕದ ಮೂಲೆಯಿಂದ ಬರುತ್ತಿತ್ತು. ನಮಗೆ ಬಟ್ಟೆಯ ಈಚೆಯೂ ಕಾಣುತ್ತಿತ್ತು, ಆಚೆಯೂ. ನಮ್ಮ ಸರದಿ ಎಲ್ಲರಿಗಿಂತ ಕೊನೆ. ಮೊದಲು ರೂಪಶ್ರೀ, ಅವಳ ಹಿಂದೆ ನಾನು. ಅದಾದ ಮೇಲೆ ಕೂಗು.

ಕೊಹರು ಹಳದಿ ಲಂಗದಲ್ಲಿ ನಿಂತಿದ್ದಳು. ನಮ್ಮ ರೂಪಶ್ರೀಗಿಂತ ಸಣ್ಣ ಆಳು. ಒಬ್ಬೊಬ್ಬರ ಕೈ ಹಿಡಿದಾಗಲೂ ಅವರಿಗಾಗಿಯೇ ಕಾದಿದ್ದವಳಂತೆ ನಗುತ್ತಿದ್ದಳು. ಕೈ ಹಿಡಿದು ಬಂದವರು ಕೂಗಿಗಾಗಿ ಮತ್ತೆ ಸಾಲಿನ ಹಿಂದೆ ನಿಲ್ಲುತ್ತಿದ್ದರು. ರೂಪಶ್ರೀಯ ತುಟಿ ಅಲ್ಲಾಡುತ್ತಲೇ ಇತ್ತು. ಕಿವಿಯ ಹಿಂದೆ ಬೆವರು.

"ಮರ್ತೋದ್ರೆ ನನ್ ಕಡೆ ನೋಡಮ್ಮಿ, ನಾ ಹೇಳ್ಕೊಡ್ತೀನಿ" ಎಂದೆ.

"ನೀನು ಸುಮ್ನಿದ್ರೆ ಮರ್ಯಲ್ಲ ಮಾವ."

ಆಗ ಗಿಳಿಗಳು ಎದ್ದವು. ಈ ಸಲ ಯಾರೂ ಕೂಗಿರಲಿಲ್ಲ.

ಬಟ್ಟೆಯ ಹಿಂದೆ ಕಟಕ್ ಎಂದು ಕಬ್ಬು ಮುರಿದ ಸದ್ದು. ನನ್ನ ಆಳು ಮಾದೇಶನಿಗೆ ಕಬ್ಬು ಕಂಡರೆ ತಡೆಯಲಾಗದು, ಹಲ್ಲು ತುರಿಸುತ್ತದೆ. "ಲೋ ಮಾದೇಶ, ಕಾರ್ಯ ಮುಗಿಯೋಗಂಟ ಮುರೀಬ್ಯಾಡ ಕಣ್ಲಾ" ಎಂದು ಪಿಸುಗುಟ್ಟಿದೆ.

"ನಾ ಇಲ್ಲೇ ಇವ್ನಲ್ಲಣ್ಣ" ಎಂದು ಮಾದೇಶನ ದನಿ ನನ್ನ ಬೆನ್ನ ಹಿಂದಿನಿಂದ ಬಂತು. ನೀರಿನ ಕ್ಯಾನ್ ಹಿಡಿದು ಅವನು ಹಗ್ಗದಾಚೆ ನಿಂತಿದ್ದ.

ಇನ್ನೊಂದು ಜಲ್ಲೆ ಮುರಿಯಿತು. ಗಾಳಿ ಇರಲಿಲ್ಲ, ಒಂದು ಸೂರ್ಯಕಾಂತಿಯೂ ತಲೆ ಆಡಿಸುತ್ತಿರಲಿಲ್ಲ. ಚಪ್ಪರದ ಹಿಂದಿನ ಬಾಳೆಕಂದು ಮಾತ್ರ ಜ್ವರ ಬಂದಂತೆ ನಡುಗುತ್ತಿತ್ತು.

ನಾನು ಕತ್ತು ಚಾಚಿ ಬಟ್ಟೆಯ ಆಚೆ ನೋಡಿದೆ.

ಇಲ್ಲಿ ಬೆಟ್ಟ ಅನ್ನಬೇಕು, ಗೋಪುರ ಅನ್ನಬೇಕು. ಎಷ್ಟು ಸಲ ಹೇಳಲು ಹೋದರೂ ನನ್ನ ಬಾಯಿಗೆ ಬರುವುದು ಒಂದು ಕಣ್ಣು ಮಾತ್ರ. ಸಣ್ಣ ಕಣ್ಣು. ಸುತ್ತ ಕೆಸರು ಒಣಗಿದ ಚರ್ಮ, ರೆಪ್ಪೆಗೆ ಅಂಟಿದ ಒಂದು ಹಳದಿ ಎಸಳು. ಅದು ನನ್ನನ್ನು ನೋಡುತ್ತ ಕಬ್ಬು ಅಗಿಯುತ್ತಿತ್ತು. ಅದಕ್ಕೂ ಕೊಹರುವಿನ ಬೆನ್ನಿಗೂ ನಡುವೆ ಇದ್ದದ್ದು ನನ್ನ ಬಿಳಿ ಬಟ್ಟೆ, ಒಂದು ಪದರ.

"ಒಂಟಿ ಸಲಗ" ಎಂದ ಮಾದೇಶ. ದನಿ ಇರಲಿಲ್ಲ, ಉಸಿರಿತ್ತು. "ಬಾಯ್ ಬುಡಬ್ಯಾಡ ಕಣಣ್ಣ. ಕೂಗಾಡುದ್ರೆ ನುಗ್ಬುಡ್ತದೆ. ತಿಂತಾ ಇರಗಂಟ ತಿನ್ಲಿ."

ಕೂಗು! ಎಲ್ಲರೂ ಕೋಲೆತ್ತಿ ಕೂಗುವ ಮೊದಲು ಕೈ ಹಿಡಿಯಲು ಉಳಿದದ್ದು ಇಬ್ಬರು ಜಪಾನಿಗಳು, ಆಮೇಲೆ ನಾವು. ವನಿತಾ ದೂರ ಬಸ್ಸಿನ ಬಳಿ ಬುತ್ತಿ ಹಂಚಿಸುತ್ತಿದ್ದಳು. ಆನೆ ಎಂದು ನಾನೇ ಕೂಗಿದರೆ ಅದು ನುಗ್ಗುತ್ತದೆ. ಸುಮ್ಮನಿದ್ದರೆ ಇವರು ಕೂಗುತ್ತಾರೆ, ಆಗಲೂ ನುಗ್ಗುತ್ತದೆ. ಇಡೀ ಜಿಲ್ಲೆಗೆ ಹಂಚಿ ಮಿಕ್ಕುವಷ್ಟು ಮಾತಿದ್ದ ಬಾಯಿ ನನ್ನದು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಹಲಸಿನ ಮೇಣ ಹಚ್ಚಿದಂತೆ.

ಸೊಂಡಿಲ ತುದಿ ಬಟ್ಟೆಯ ಮೇಲಿಂದ ಈಚೆ ಬಂತು. ಕೊಹರುವಿನ ನೆತ್ತಿಯ ಮೇಲೆ ಗಾಳಿ ಮೂಸಿ, ಗೊನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಕಿತ್ತು, ಮೆಲ್ಲಗೆ ಹಿಂದೆ ಸರಿಯಿತು. ಎದುರಿದ್ದ ಅಭಿಮಾನಿ ಅವಳ ಕೈ ಹಿಡಿದು ತಲೆ ತಗ್ಗಿಸಿ ಅಳುತ್ತಿದ್ದ. ಅವನು ಅದನ್ನು ನೋಡಲಿಲ್ಲ. ಸಾಲಿನವರು ತಲೆ ತಗ್ಗಿಸಿ ಕೂಗಿಗಾಗಿ ದೀಪದ ಕೋಲು ಹೊತ್ತಿಸಿಕೊಳ್ಳುತ್ತಿದ್ದರು. ಕುರೊಡನ ಕಣ್ಣು ಸ್ಟಾಪ್‌ವಾಚಿನಲ್ಲಿತ್ತು.

ರೂಪಶ್ರೀ ಕಂಡಳು. ಅವಳ ತುಟಿ ನಿಂತಿತು.

ಉಳಿದವರದು ಮುಗಿದು ಅವಳ ಹೆಸರು ಕರೆದರು. ನಾನು ಅವಳ ಮಣಿಕಟ್ಟು ಹಿಡಿದೆ. "ಬ್ಯಾಡ ಕಣಮ್ಮಿ. ಹಿಂಗೇ ಹಿಂದಕ್ ಹೋಗನ. ನಿಮ್ಮವ್ವಂಗೆ ನಾನೇನ್ ಹೇಳ್ಲಿ?"

"ಕೊಹರುಗೆ ಗೊತ್ತಿಲ್ಲ ಮಾವ" ಎಂದಳು. ನನ್ನ ಬೆರಳುಗಳನ್ನು ಬಿಡಿಸಿಕೊಂಡು ನಡೆದಳು.

ಕನ್ನಡಿ ಮುಂದೆ ನಾನು ನೂರು ಸಲ ಕೇಳಿದ ಮಾತು ಅದಲ್ಲ. ಮೊದಲ ಶಬ್ದಕ್ಕೇ ಗೊತ್ತಾಯಿತು. ರೂಪಶ್ರೀ ಎರಡೂ ಕೈಯಲ್ಲಿ ಕೊಹರುವಿನ ಕೈ ಹಿಡಿದು, ಮುಖದ ಹತ್ತಿರ ಮುಖ ತಂದು, ಸಣ್ಣ ದನಿಯಲ್ಲಿ ಬೇರೇನೋ ಹೇಳಿದಳು. ಕೊಹರುವಿನ ನಗು ಅಲ್ಲಾಡಲಿಲ್ಲ. ಎಷ್ಟು ವರ್ಷ ಪಳಗಿಸಿದ ನಗುವೋ! ಕತ್ತಿನ ನರ ಮಾತ್ರ ಎದ್ದು ನಿಂತಿತು. ಹಿಂದೆ ತಿರುಗಲಿಲ್ಲ. ಅದೇ ನಗು ಹೊತ್ತುಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು.

ಕುರೊಡ ಬಂದ. ಸಮಯವಾಯಿತೆಂದು ರೂಪಶ್ರೀಯ ಭುಜದ ಮೇಲೆ ಕೈಯಿಟ್ಟ. ಅವಳು ಕೈ ಬಿಡಲಿಲ್ಲ. ಮತ್ತೆ ತಟ್ಟಿದ. ಬಿಡಲಿಲ್ಲ. ಹುಚ್ಚು ಹಿಡಿದ ವಿದೇಶಿಯೊಬ್ಬಳು ತಮ್ಮ ಹುಡುಗಿಯನ್ನು ಎಳೆದೊಯ್ಯುತ್ತಿದ್ದಾಳೆ ಎಂದೇ ಅವನಿಗೆ ಕಂಡಿರಬೇಕು. ಕೂಗಲು ಎದೆ ತುಂಬ ಉಸಿರೆಳೆದುಕೊಂಡ.

ನಾನು ಓಡಿದೆ. ಧೈರ್ಯ ಎಂದುಕೊಳ್ಳುವುದಾದರೆ ಬೇಡ ಎನ್ನುವವನು ನಾನಲ್ಲ. ಆದರೆ ಆಗ ತಲೆಯಲ್ಲಿದ್ದದ್ದು ಇಷ್ಟೇ: ಈ ಮನುಷ್ಯ ಕೂಗಿದರೆ ಆ ಇಬ್ಬರು ಹುಡುಗಿಯರೂ ಅದರ ದಾರಿಯಲ್ಲಿದ್ದಾರೆ. ಹಿಂದಿನಿಂದ ತಬ್ಬಿ ಅವನ ಬಾಯಿಯ ಮೇಲೆ ಅಂಗೈ ಒತ್ತಿದೆ. ಇನ್ನೊಂದು ಕೈಯಲ್ಲಿ ಅವನ ಗಲ್ಲ ಹಿಡಿದು ಬಟ್ಟೆಯ ಕಡೆ ತಿರುಗಿಸಿದೆ.

ಬಟ್ಟೆ ಈಗ ಒಳಕ್ಕೆ ಉಬ್ಬಿತ್ತು. ಹಣೆಯ ಆಕಾರ. ಕೆಳಗೆ, ದಂತ ತಾಗಿದ ಕಡೆ, ಸಣ್ಣಗೆ ಪರ್ ಎಂದು ಹರಿಯತೊಡಗಿತು.

ಕುರೊಡನ ಮೈ ನನ್ನ ತೋಳಿನಲ್ಲಿ ಮರಗಟ್ಟಿತು. ಅವನ ಕೈಯ ಸ್ಟಾಪ್‌ವಾಚ್ ಹತ್ತು ಸೆಕೆಂಡಿಗೆ ಸರಿಯಾಗಿ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿ ಆಗಲೇ ಹೊತ್ತಾಗಿತ್ತು, ನಮಗೆ ಕೇಳಿದ್ದು ಈಗ. ಅಗಿಯುವ ಸದ್ದು ನಿಂತಿತು. ಬಟ್ಟೆಯ ಆಚೆ ಎರಡು ಕಿವಿಗಳು ಬಿಚ್ಚಿದ ನೆರಳು ಹರಡಿತು. ನನ್ನ ಇಡೀ ಚಪ್ಪರಕ್ಕಿಂತ ಅಗಲ. ಇದನ್ನು ಬೇಕಾದರೆ ಅಳೆದು ಕೊಡುತ್ತೇನೆ. ನಾವಿಬ್ಬರೂ ಒಟ್ಟಿಗೆ ಆ ಗಡಿಯಾರದ ಮೇಲೆ ಮುಷ್ಟಿ ಬಿಗಿದೆವು. ಅದು ಮುಷ್ಟಿಯೊಳಗೆ ಜೀರುಂಡೆಯ ಹಾಗೆ ಒದ್ದಾಡಿ ಸತ್ತಿತು.

ಕುರೊಡ ಖಾಲಿ ಕೈ ಎತ್ತಿ ಸಾಲಿನ ಕಡೆ ತೋರಿಸಿದ. ಒಂದು ಬೆರಳು ತುಟಿಗೆ, ಆಮೇಲೆ ಅಂಗೈ ಬಸ್ಸಿನ ಕಡೆಗೆ. ಮುಂದಿದ್ದವರು ಉಬ್ಬಿದ ಬಟ್ಟೆ ನೋಡಿದರು. ಒಬ್ಬನೂ ಚೀರಲಿಲ್ಲ, ಓಡಲಿಲ್ಲ, ಫೋನ್ ತೆಗೆಯಲಿಲ್ಲ. ದೀಪದ ಕೋಲುಗಳು ಒಂದರ ಹಿಂದೊಂದು ಆರಿದವು. ಸಾಲು ಇದ್ದ ಹಾಗೇ ತಿರುಗಿ ಹೊರಟಿತು. ಅದೇ ನಮ್ಮ ಮದುವೆ ಊಟದ ಸಾಲಾಗಿದ್ದಿದ್ದರೆ ಆನೆ ಬರುವ ಮೊದಲೇ ನಾಲ್ಕು ಜನ ತುಳಿತಕ್ಕೆ ಸಿಕ್ಕಿ ಸಾಯುತ್ತಿದ್ದರು.

ಹೂಗಿಡಗಳ ನಡುವೆ ಕೈ ಕೈ ಹಿಡಿದ ಎರಡು ಬೆನ್ನುಗಳು ದೂರವಾಗುತ್ತಿದ್ದವು. ಒಂದೂ ತಿರುಗಲಿಲ್ಲ.

ಆಗ ಗಳ ಮುರಿಯಿತು. ಹಲಸಿನ ಹಣ್ಣು ದೊಪ್ಪನೆ ಬಿತ್ತು, ಅದರ ಹಿಂದೆ ಇಡೀ ಚಪ್ಪರ. ನಾನೂ ಕುರೊಡನೂ ಅದರಡಿ ಮಣ್ಣಿಗೆ ಮುಖ ಕೊಟ್ಟು ಬಿದ್ದೆವು. ಕತ್ತಲೆ. ಮೇಲೆ ಬಟ್ಟೆ, ಪಕ್ಕದಲ್ಲಿ ಕಾಲು. ಬಿಸಿ ಉಸಿರು ನನ್ನ ಕತ್ತಿನ ಹಿಂದೆ ಬಂದು, ನಿಂತು, ಒದ್ದೆಯಾಗಿ ಹೋಯಿತು. ಆ ಗಳಿಗೆಯಲ್ಲಿ ನಾನು ಮಾದಪ್ಪನಿಗೆ ಏನೇನು ಹರಕೆ ಹೊತ್ತೆನೋ, ಈಗ ತೀರಿಸಲು ಹೊರಟರೆ ಗೋದಾಮು ಮಾರಬೇಕು. ಕುರೊಡ ನನ್ನ ಕೈ ಹಿಡಿದಿದ್ದ. ಅವನೂ ಯಾರನ್ನೋ ಬೇಡುತ್ತಿದ್ದ. ಪಕ್ಕದಲ್ಲೇ ಹಲಸು ಬಿರಿಯುವ ಸದ್ದು, ಚಪ್ಪರಿಸುವ ಸದ್ದು, ಹೊಟ್ಟೆಯೊಳಗಿನ ಗುಡುಗು. ಹಣ್ಣು ಮುಗಿದ ಮೇಲೆ ಏನು ಎಂಬುದೊಂದೇ ಯೋಚನೆ.

ಹಣ್ಣು ಮುಗಿಯಿತು. ಭಾರದ ಹೆಜ್ಜೆಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಕೊನೆಗೆ ಪುಟ್ಟಬಸಪ್ಪ ಬಂದು ಬಟ್ಟೆ ಎತ್ತಿದಾಗ ಸಲಗ ಬೇಲಿ ದಾಟಿತ್ತು. ನನ್ನ ಹರಿದ ಬಟ್ಟೆಯ ಒಂದು ಪಟ್ಟಿ ಅದರ ಹೆಗಲ ಮೇಲೆ, ಬೀಗರೂಟ ಮುಗಿಸಿ ಹೊರಟ ಹಿರಿಯರ ಶಲ್ಯದ ಹಾಗೆ.

"ಎಂಟ್ನೇದಾ?" ಎಂದ ಪುಟ್ಟಬಸಪ್ಪ. ನನಗೆ ಬಾಯಿ ಇನ್ನೂ ಬಂದಿರಲಿಲ್ಲ.

ಬಸ್ಸಿನ ಬಾಗಿಲ ಬಳಿ ಕೊಹರು ನಿಂತಿದ್ದಳು. ನಗು ಈಗ ಇರಲಿಲ್ಲ. ವನಿತಾ ಹತ್ತು ಎಂದಳು, ಹತ್ತಲಿಲ್ಲ. ರೂಪಶ್ರೀಯ ಕೈಯನ್ನು ಅವಳಿನ್ನೂ ಬಿಟ್ಟಿರಲಿಲ್ಲ. ಕುರೊಡ ಮೈಮೇಲಿನ ಮಣ್ಣನ್ನೂ ಕೊಡವದೆ ಹತ್ತಿರ ಹೋದ. ಅಭಿಮಾನಿಗಳ ಕೈ ಬಿಡಿಸುವುದೇ ಕಸುಬಾಗಿದ್ದವನು ಇವತ್ತು ಕೊಹರುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಸ್ಸು ಹೊರಟಿತು.

ಟೆಂಪೋದಲ್ಲಿ ಚಾಮರಾಜನಗರ ಮುಟ್ಟುವವರೆಗೂ ರೂಪಶ್ರೀ ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ತೆರಕಣಾಂಬಿ ದಾಟುವ ಹೊತ್ತಿಗೆ ಬಾಯಿ ಬಂದಿತ್ತು. ಮನೆ ಸೇರಿದಾಗ ನನ್ನ ಕತೆಯಲ್ಲಿ ನಾನು ಸೊಂಡಿಲು ಹಿಡಿದು ತಿರುಚಿದ್ದೂ ಆಗಿತ್ತು. ಅಕ್ಕ ಕಾಫಿ ತಂದಳು. ರೂಪಶ್ರೀ ಲೋಟ ಮುಟ್ಟದೆ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು.

ಸೊಂಡಿಲು ನನ್ನ ಕೈಯಲ್ಲೇ ಉಳಿಯಿತು. ಅಕ್ಕನ ಮುಖ ಬಿಳಿಚಿತು. ಹೇಳಬೇಕಾದ್ದನ್ನು ಹೇಳಲಾಗದೆ ಬಂದ ಹುಡುಗಿ. ಆ ಕೊಹರು ಇನ್ನು ಸಿಗುವವಳಲ್ಲ. ಒಳಗಿನಿಂದ ಹಾಡೂ ಇಲ್ಲ. ಸಲಗದ ಕಾಲಡಿ ಬಿದ್ದಾಗ ನನ್ನ ಮೈ ನಡುಗಿತ್ತು. ಆ ಬಾಗಿಲ ಮುಂದೆ ನಡುಗಲೂ ಆಗಲಿಲ್ಲ. ಇಬ್ಬರೂ ಕಿವಿಗೊಟ್ಟು ನಿಂತೆವು, ಚಿಲಕದ ಸದ್ದಿಗಾಗಿ.

ಚಿಲಕದ ಸದ್ದು ಬರಲಿಲ್ಲ.

ಅಕ್ಕ ಬೆರಳ ತುದಿಯಿಂದ ಬಾಗಿಲು ತಳ್ಳಿದಳು. ತೆರೆಯಿತು. ರೂಪಶ್ರೀ ಮಂಚದ ಮೇಲೆ ಕುಳಿತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ಅವ್ಳಿಗೆ ಹೇಳ್ಬೇಕು ಅಂತಿದ್ಯಲ್ಲಮ್ಮಿ... ಹೇಳುದ್ಯಾ?"

"ಇಲ್ಲವ್ವ."

"ಮತ್ತೇನಂದೆ?"

"ಹಿಂದೆ ತಿರುಗ್ಬೇಡ, ನನ್ ಕೈ ಬಿಡ್ಬೇಡ, ನಡಿ ಅಂದೆ. ಅಷ್ಟೇ."

ಅಕ್ಕ ಹೊಸ್ತಿಲ ಮೇಲೆ, ಆ ಮಳೆಗಾಲವೆಲ್ಲ ಕುಳಿತಿದ್ದ ಜಾಗದಲ್ಲೇ ಕುಳಿತು, ಕೈ ಚಾಚಿದಳು. ರೂಪಶ್ರೀ ಎದ್ದು ಬಂದು ತನ್ನ ಕೈ ಅದರಲ್ಲಿಟ್ಟಳು. ಬೆರಳುಗಳ ಮೇಲೆ ಕೊಹರುವಿನ ಉಗುರಿನ ಗುರುತು ಇನ್ನೂ ಕೆಂಪಗಿತ್ತು.

ನಾನು ಸೊಂಡಿಲನ್ನು ಮೆಲ್ಲಗೆ ಕೆಳಗಿಟ್ಟು, ಆರಿದ ಕಾಫಿಯನ್ನು ಬಿಸಿ ಮಾಡಲು ಒಳಗೆ ಹೋದೆ.